ಮೊಣಕಾಲಿನ ಮಾತ್ರೆಗೆ ಮೊಣಕಾಲು ಎಲ್ಲಿದೆ ಅಂತ ಹೇಗೆ ಗೊತ್ತು? ಔಷಧಿಯನ್ನು ಕಂಡುಹಿಡಿಯುವುದಾದರೂ ಹೇಗೆ?

ಥಾಣೆ ಜೋಶಿ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ನಡೆದಿದೆ, ಬಗೆಹರಿಯುತ್ತಿಲ್ಲ. ಗದಗಿನಿಂದ ಅಪ್ಪ ಬಂದಿದ್ದಾರೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಗ್ಯಾಸು, ಮೊಣಕಾಲು, ಎಲ್ಲದಕ್ಕೂ ಒಂದೊಂದು ಮಾತ್ರೆ. ಎಲ್ಲವನ್ನೂ ಅಂಗೈಯಲ್ಲಿ ಹಾಕಿಕೊಂಡು ಒಂದೇ ಸಲ ನುಂಗುತ್ತಾರೆ. ಮೊನ್ನೆ ನುಂಗಿದವರೇ ಕೇಳಿದರು: "ಎಲ್ಲಾ ಒಂದೇ ಹೊಟ್ಟಿಗೆ ಹೋಗತಾವ. ಮೊಣಕಾಲಿಂದು ಮೊಣಕಾಲಿಗೇ ಹೋಗಬೇಕು ಅಂತ ಅದಕ್ಕ ಯಾರು ಹೇಳತಾರ?"

ನನಗೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಬಾವ ಶುರು ಮಾಡಿದರು. ಎಲ್ಲ ನಮ್ಮ ಗಿಡಮೂಲಿಕೆಯಿಂದಲೇ ಕದ್ದಿದ್ದು, ಕಂಪನಿಯವರು ಬಣ್ಣ ಹಚ್ಚಿ ಮಾರುತ್ತಾರೆ ಅಂತ. ಮಗಳು ಹನ್ನೊಂದನೇ ಕ್ಲಾಸು, ಅವಳ ಪ್ರಕಾರ ಈಗ ಎಲ್ಲ ಔಷಧಿಯನ್ನೂ ಕಂಪ್ಯೂಟರೇ ಹುಡುಕುತ್ತದೆ. ನಾನು ಲೆಕ್ಕಪತ್ರದವನು, ಸುಮ್ನೆ ಕೂತೆ. ಗೊತ್ತಿದ್ದವರು ಹೇಳಿ. ಗೂಗಲ್ ನೋಡು ಅನ್ನಬೇಡಿ, ನೋಡಿ ಆಗಿದೆ, ಅದರಿಂದ ತಲೆನೋವು ಬಂತು.

ಕಾಂದಿವಲಿ ಶೆಟ್ಟಿ
ಮಾರಾಯ್ರೆ, ಸಂಜೆ ಮುಂಬೈಯ ವಿರಾರ್ ಫಾಸ್ಟ್ ಲೋಕಲ್ ರೈಲು ಹತ್ತಿದರೆ ನಮಗೇ ಬೇಕಾದಲ್ಲಿ ಇಳಿಯಲಿಕ್ಕೆ ಆಗುವುದಿಲ್ಲ. ಮಾತ್ರೆಗೆ ಹೇಗೆ ಆಗುತ್ತದೆ? ನನಗೂ ಉತ್ತರ ಬೇಕು.

ಸುಮಾ ಪರೇಲ್
ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ನನ್ನ ಮಕ್ಕಳು ಪರೀಕ್ಷೆಯಲ್ಲಿ ಬರೆಯದಿದ್ದನ್ನು ನಿಮ್ಮ ಅಪ್ಪ ಕೇಳಿದ್ದಾರೆ.

ಮಾತ್ರೆಗೆ ಏನೂ ಗೊತ್ತಿಲ್ಲ. ಅದು ಕರುಳಿನಲ್ಲಿ ಕರಗಿ, ರಕ್ತಕ್ಕೆ ಸೇರಿ, ಕಾಲಿನ ಬೆರಳಿಂದ ಕಿವಿಯ ತನಕ ಎಲ್ಲ ಕಡೆ ಹೋಗುತ್ತದೆ. ಆದರೆ ಹೋದಲ್ಲೆಲ್ಲ ಅದಕ್ಕೆ ಕೆಲಸ ಸಿಗುವುದಿಲ್ಲ. ಹೆಚ್ಚಿನ ಔಷಧಿಗಳು ನಮ್ಮ ಮೈಯೊಳಗಿನ ಯಾವುದೋ ಒಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಆ ಪ್ರೋಟೀನು ಎಲ್ಲಿ ಇದೆಯೋ, ಅಲ್ಲೂ ಎಲ್ಲಿ ಜಾಸ್ತಿ ಕೆಲಸ ಮಾಡುತ್ತಿದೆಯೋ, ಅಲ್ಲಿ ಪರಿಣಾಮ ಕಾಣುತ್ತದೆ. ಮೊಣಕಾಲು ಊದಿಕೊಂಡಾಗ ಅಲ್ಲಿ ಸೈಕ್ಲೋಆಕ್ಸಿಜನೇಸ್ ಅನ್ನುವ ಕಿಣ್ವ (ಇದೂ ಒಂದು ಪ್ರೋಟೀನೇ) ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತು ತಯಾರಿಸುತ್ತಾ ಇರುತ್ತದೆ. ನೋವು, ಬಾವು ಎಲ್ಲ ಅದರ ಕೆಲಸ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಆ ಕಿಣ್ವವನ್ನು ತಡೆಯುತ್ತವೆ. ಆದರೆ ಅದೇ ಮಾತ್ರೆ ಹೊಟ್ಟೆಯಲ್ಲೂ ಅದೇ ಕಿಣ್ವವನ್ನು ತಡೆಯುತ್ತದೆ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಪ್ರೊಸ್ಟಗ್ಲಾಂಡಿನ್ನೇ! ಅದಕ್ಕೇ ನೋವಿನ ಮಾತ್ರೆ ತಿಂದವರಿಗೆ ಹೊಟ್ಟೆ ಹುಣ್ಣು. ಡಾಕ್ಟರು ಜೊತೆಗೆ ಗ್ಯಾಸಿನ ಮಾತ್ರೆ ಬರೆಯುವುದೂ ಅದಕ್ಕೇ.

ಆ ಗ್ಯಾಸಿನ ಮಾತ್ರೆ ಮಾತ್ರ ಜಾಗ ಹುಡುಕಿಕೊಂಡು ಹೋಗುವ ಹಾಗೆ ಕಾಣುತ್ತದೆ. ಪ್ಯಾಂಟೊಪ್ರಜೋಲ್ ಆಮ್ಲ ತಾಗಿದರೆ ಹಾಳಾಗುತ್ತದೆ. ಹಾಗಾಗಿ ಮೇಲೊಂದು ಪದರ ಇರುತ್ತದೆ, ಹೊಟ್ಟೆ ದಾಟುವ ತನಕ ಬಿಚ್ಚಿಕೊಳ್ಳುವುದಿಲ್ಲ. ಕರುಳಿನಿಂದ ರಕ್ತಕ್ಕೆ ಸೇರಿ, ಇಡೀ ಮೈ ಸುತ್ತಿ, ಮತ್ತೆ ಹೊಟ್ಟೆಯ ಗೋಡೆಗೆ ಹಿಂಬಾಗಿಲಿಂದ ಬರುತ್ತದೆ. ಅಲ್ಲಿ ಆಮ್ಲ ತಯಾರಿಸುವ ಜೀವಕೋಶದ ಸಣ್ಣ ನಾಳಗಳಲ್ಲಿ ಮಾತ್ರ ಅಷ್ಟು ಗಟ್ಟಿ ಆಮ್ಲ ಇರುತ್ತದೆ. ಒಳಗೆ ಬಂದ ಔಷಧಿ ಆ ಆಮ್ಲದಲ್ಲಿ ರೂಪ ಬದಲಿಸಿ, ಆಮ್ಲ ಸುರಿಯುವ ಪಂಪಿಗೇ ಅಂಟಿಕೊಂಡು ಬಿಡುತ್ತದೆ. ಮತ್ತೆ ಬಿಡುವುದಿಲ್ಲ. ರಕ್ತದಲ್ಲಿ ಕೆಲವು ಗಂಟೆಗಳಲ್ಲಿ ಔಷಧಿ ಹೆಚ್ಚುಕಡಿಮೆ ಖಾಲಿ, ಆದರೂ ಪರಿಣಾಮ ಮರುದಿನದ ತನಕ ಉಳಿಯುತ್ತದೆ. ಯಾಕೆಂದರೆ ಮೈ ಹೊಸ ಪಂಪು ತಯಾರಿಸಬೇಕು. ಇನ್ನೂ ಒಂದು ವಿಷಯ, ಪಂಪು ಓಡುತ್ತಿದ್ದರೆ ಮಾತ್ರ ಇದು ಅಂಟುತ್ತದೆ, ಪಂಪು ಓಡುವುದು ಊಟ ಬಿದ್ದಾಗ. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಿ ಅನ್ನುವುದು.

ಥಾಣೆ ಜೋಶಿ
ಅಂದರೆ ಅಪ್ಪ ಅದನ್ನು ಊಟ ಆದ ಮೇಲೆ ನುಂಗುವುದು ದಂಡವಾ ಮೇಡಂ?

ಸುಮಾ ಪರೇಲ್
ಪೂರ್ತಿ ದಂಡ ಅಲ್ಲ, ಪರಿಣಾಮ ಕಡಿಮೆ. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಸಮಯ ಬದಲಿಸಿ.

ವಾಸ್ಕೋ ಬಸು
ಅಕ್ಕಾರ, ಆ ಪದರದ ಬಗ್ಗೆ ನಾನೂ ಒಂದು ಮಾತು ಸೇರಿಸುತ್ತೇನೆ. ನಾನು ಗೋವಾದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಮಾತ್ರೆಯ ಗುಣಮಟ್ಟ ನೋಡುವ ಕ್ಯೂಸಿ ಲ್ಯಾಬಿನಲ್ಲಿದ್ದೇನೆ, ಊರು ಕೊಪ್ಪಳ. ದಿನಾ ಇದೇ ಕೆಲಸ. ಒಂದು ನೀರಿನ ತೊಟ್ಟಿ, ಅದರಲ್ಲಿ ಆರು ಗಾಜಿನ ಪಾತ್ರೆ, ನೀರು ಮೈಯ ಬಿಸಿಗೆ ಸರಿಯಾಗಿ 37 ಡಿಗ್ರಿ. ಪಾತ್ರೆಗೊಂದು ಮಾತ್ರೆ ಬಿಟ್ಟು ಮೇಲಿಂದ ಪ್ಯಾಡಲ್ ತಿರುಗಿಸುತ್ತೇವೆ. ಇಂಥ ಪದರದ ಮಾತ್ರೆಯಾದರೆ ಮೊದಲ ಎರಡು ಗಂಟೆ ಆಮ್ಲದಲ್ಲಿ. ಆಗ ಮಾತ್ರೆ ಹಾಗೇ ಕೂತಿರಬೇಕು, ಒಳಗಿನ ಔಷಧಿ ಹೊರಗೆ ಬರಬಾರದು. ಆಮೇಲೆ ಕರುಳಿನ ಹಾಗೆ ಪಿಎಚ್ 6.8ರ ದ್ರಾವಣ. ಅದರಲ್ಲಿ ಹಾಕಿದ ಸ್ವಲ್ಪ ಹೊತ್ತಿಗೆ ಅಂಚು ಉಬ್ಬಿ, ಪದರ ಸೀಳಿ, ಒಳಗಿನದು ಮೋಡದ ಹಾಗೆ ಹೊರಗೆ ಬರುತ್ತದೆ. ಹೇಳಿದ ಹೊತ್ತಿಗೆ ಸೂಜಿಯಿಂದ ನೀರು ತೆಗೆದು ಎಷ್ಟು ಕರಗಿತು ಅಂತ ಅಳೆಯಬೇಕು. ಆರರಲ್ಲಿ ಒಂದು ಹಿಂದೆ ಬಿದ್ದರೆ ಮತ್ತೆ ಆರು ಮಾತ್ರೆ. ನೈಟ್ ಶಿಫ್ಟಿನಲ್ಲಿ ಅದನ್ನೇ ನೋಡುತ್ತಾ ಕೂತರೆ ನಿದ್ದೆ ತಡೆಯುವುದೇ ದೊಡ್ಡ ಕೆಲಸ.

ಅದಕ್ಕೇ ಹೇಳುತ್ತೇನೆ, ಇಂಥ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ಕೊಡಬೇಡಿ. ಎಷ್ಟೋ ಮನೆಯಲ್ಲಿ ವಯಸ್ಸಾದವರಿಗೆ ಹಾಗೇ ಕೊಡುತ್ತಾರೆ.

ಡಾ. ನವಿ ಮುಂಬೈ
ಸುಮಾ ಅವರು ಹೇಳಿದ್ದನ್ನು ಓದಿ, ಸೈಡ್ ಎಫೆಕ್ಟ್ ಅಂದರೆ ಬೇಡದ ಜಾಗದಲ್ಲಿ ಅದೇ ಕೆಲಸ ಅಂತ ಯಾರಾದರೂ ತಿಳಿದಾರು. ಎಲ್ಲವೂ ಹಾಗಲ್ಲ. ಕೆಲವು ಔಷಧಿ ತನಗೆ ಸಂಬಂಧವೇ ಇಲ್ಲದ ಇನ್ನೊಂದು ಪ್ರೋಟೀನನ್ನೂ ಹಿಡಿಯುತ್ತದೆ. ಕೆಲವು ಅಲರ್ಜಿ. ಕೆಲವು ಸಲ ತೊಂದರೆ ಕೊಡುವುದು ಔಷಧಿ ಅಲ್ಲ, ಲಿವರ್ ಅದನ್ನು ಒಡೆದಾಗ ಹುಟ್ಟುವ ವಸ್ತು. ಪ್ಯಾರಾಸಿಟಮಾಲ್ ಅತಿಯಾದರೆ ಲಿವರ್ ಹಾಳಾಗುವುದು ಹೀಗೇ. ಜ್ವರಕ್ಕೊಂದು, ನೆಗಡಿಗೊಂದು, ಮೈಕೈ ನೋವಿಗೊಂದು ಅಂತ ಮೂರು ಬೇರೆ ಬೇರೆ ಹೆಸರಿನ ಮಾತ್ರೆ ತಿನ್ನುತ್ತಾರೆ. ಮೂರರಲ್ಲೂ ಅದೇ ಪ್ಯಾರಾಸಿಟಮಾಲ್ ಇರುತ್ತದೆ, ಯಾರೂ ಹಿಂದೆ ತಿರುಗಿಸಿ ಓದುವುದಿಲ್ಲ.

ಸಹ್ಯಾದ್ರಿ ಹೆಗಡೆ
ಜೋಶಿಯವರೆ, ನಾನು ನಿಮ್ಮ ಬಾವನ ಪಕ್ಷ. ಊರು ಶಿರಸಿ, ಈಗ ಕೋಥ್ರೂಡ್. ನೋಡಿ, ಸರ್ಪಗಂಧ. ನಮ್ಮ ಕಡೆ ಸೂತ್ರನಾಭಿ ಅಂತಲೂ ಹೇಳುತ್ತಾರೆ. ಹುಚ್ಚಿಗೆ, ನಿದ್ದೆಗೆ, ಹಾವಿನ ವಿಷಕ್ಕೆ ಅಂತ ತಲೆಮಾರುಗಳಿಂದ ಕೊಟ್ಟಿದ್ದು. ಮುಂಬೈಯದೇ ಡಾಕ್ಟರು ರುಸ್ತುಂ ಜಾಲ್ ವಕೀಲ್ ಅದನ್ನು ಬಿಪಿ ರೋಗಿಗಳಿಗೆ ಕೊಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಆಮೇಲೆ ಇಡೀ ಪ್ರಪಂಚ ಸರ್ಪಗಂಧದ ಹಿಂದೆ ಬಿತ್ತು. 1957ರಲ್ಲಿ ಅವರಿಗೆ ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿ ಲಾಸ್ಕರ್ ಬಂತು. ದುಡ್ಡು ಯಾರಿಗೆ ಹೋಯಿತು? ಸ್ವಿಟ್ಜರ್ಲೆಂಡಿನ ಕಂಪನಿಗೆ. ಕದ್ದಿದ್ದು ಅನ್ನದೆ ಏನನ್ನಬೇಕು?

ದಾದರ್ ರಾವ್
ಅರ್ಧ ಕಥೆ ಹೇಳಬೇಡಿ ಹೆಗಡೆಯವರೆ. ವಕೀಲರಿಗಿಂತ ಮೊದಲೇ, 1931ರಲ್ಲಿ, ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದರಿಂದ ಬಿಪಿ ಇಳಿಯುತ್ತದೆ ಅಂತ ಬರೆದಿದ್ದರು. ಅದೇ ಕಾಲಕ್ಕೆ ಸಲೀಮುಜ್ಜಮಾನ್ ಸಿದ್ದಿಕಿ ಈ ಬೇರಿನಿಂದ ಒಂದು ವಸ್ತು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನ್ ಅವರ ಹೆಸರಲ್ಲಿ ಅಜ್ಮಲೀನ್ ಅಂತ ಕರೆದರು. ಕದಿಯಲಿಕ್ಕೆ ಅದೇನು ಗುಟ್ಟಾಗಿರಲಿಲ್ಲ, ನಮ್ಮವರೇ ಅಚ್ಚು ಹಾಕಿಸಿದ್ದರು.

ಸುಮಾ ಪರೇಲ್
ರಾವ್ ಹೇಳಿದ್ದು ಸರಿ. ಇನ್ನೊಂದು ಮಾತು ಹೆಗಡೆಯವರೆ. ಬೇರನ್ನು ಪುಡಿ ಮಾಡಿ ಕೊಟ್ಟರೆ ಎಷ್ಟು ಔಷಧಿ ಒಳಗೆ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಗಿಡದಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ ಕಂಪನಿಯವರು ಆ ಬೇರಿನಿಂದ ರೆಸರ್ಪಿನ್ ಅನ್ನುವ ವಸ್ತು ಬೇರ್ಪಡಿಸಿದ ಮೇಲೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡಲಿಕ್ಕೆ ಆಯಿತು. ಆಗ ಅದರ ಕೆಡುಕೂ ಕಾಣಿಸಿತು. ಕೆಲವು ರೋಗಿಗಳ ಬಿಪಿ ಇಳಿಯಿತು, ಜೊತೆಗೆ ಮನಸ್ಸೂ ಕುಗ್ಗಿತು. ಯಾಕೆ ಅಂತ ಹುಡುಕಿದರು. ನರದ ತುದಿಯಲ್ಲಿ ನಾರ್‌ಅಡ್ರಿನಾಲಿನ್, ಸೆರೊಟೋನಿನ್ ಅನ್ನುವ, ನರದಿಂದ ನರಕ್ಕೆ ಸಂದೇಶ ಒಯ್ಯುವ ವಸ್ತುಗಳನ್ನು ತುಂಬಿಡುವ ಸಣ್ಣ ಚೀಲಗಳಿರುತ್ತವೆ. ರೆಸರ್ಪಿನ್ ಆ ಚೀಲಗಳನ್ನು ತುಂಬಲಿಕ್ಕೇ ಬಿಡುವುದಿಲ್ಲ. ಹಾಗಾದರೆ ಮನಸ್ಸಿನ ಸ್ಥಿತಿಗೂ ಈ ವಸ್ತುಗಳಿಗೂ ಸಂಬಂಧ ಇರಬೇಕು ಅಂತ ಊಹೆ ಹುಟ್ಟಿದ್ದು ಆಗ. ಆ ಊಹೆ ಈಗ ಅಷ್ಟು ಸರಳವಾಗಿ ಉಳಿದಿಲ್ಲ. ಆದರೂ ಖಿನ್ನತೆಗೆ ಮಾತ್ರೆ ಹುಡುಕುವ ದಾರಿಗೆ ಒಂದು ಬಿಪಿ ಬೇರು ನೆರವಾಯಿತು ನೋಡಿ.

ಕಾಂದಿವಲಿ ಶೆಟ್ಟಿ
ಇಷ್ಟೆಲ್ಲ ಕಲ್ಕತ್ತ, ಬಾಸೆಲ್. ನಮ್ಮ ಕನ್ನಡದವರು ಯಾರೂ ಇಲ್ಲವಾ?

ಪಿಂಪ್ರಿ ಕುಲಕರ್ಣಿ
ಇದ್ದಾರೆ ಶೆಟ್ರೆ, ಮೈಸೂರು ಸೀಮೆಯವರೇ. ಎಂ.ಜೆ. ತಿರುಮಲಾಚಾರ್. ಹೆಸರು ಕೇಳಿದವರು ಎಷ್ಟು ಜನ ಹೇಳಿ ನೋಡೋಣ.

ನಮ್ಮ ಅಪ್ಪ ಪುಣೆ ಹತ್ತಿರದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿದ್ದರು. ಎಲ್ಲರೂ ಎಚ್ಎ ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಶುರುವಾಗಿ, ಮರುವರ್ಷ ಪೆನಿಸಿಲಿನ್ ತಯಾರಾಗತೊಡಗಿತು. ಅಪ್ಪನಿಗೆ ಫರ್ಮೆಂಟರ್ ವಿಭಾಗದ ಕೆಲಸ. ಎರಡು ಮಾಳಿಗೆ ಎತ್ತರದ ಉಕ್ಕಿನ ತೊಟ್ಟಿ, ಒಳಗೆ ಬೂಷ್ಟು ಬೆಳೆಯಬೇಕು, ಅದಕ್ಕೆ ಉಣ್ಣಲಿಕ್ಕೆ ಮೆಕ್ಕೆಜೋಳ ನೆನೆಸಿದ ನೀರು ಮತ್ತು ಸಕ್ಕರೆ, ಉಸಿರಾಡಲಿಕ್ಕೆ ಸೋಸಿದ ಗಾಳಿ. ಹೊರಗಿನ ಒಂದೇ ಒಂದು ಬೇಡದ ಜೀವಾಣು ಹೊಕ್ಕರೆ ಇಡೀ ತೊಟ್ಟಿಯನ್ನು ಮೋರಿಗೆ ಬಿಡಬೇಕು. ಅಪ್ಪ ಮನೆಗೆ ಬಂದರೆ ಅಂಗಿಗೆ ಹುಳಿ ವಾಸನೆ. ಅಮ್ಮ ಬಚ್ಚಲಿನ ಹೊರಗೇ ಅಂಗಿ ಬಿಚ್ಚಿಸುತ್ತಿದ್ದರು.

ತಿರುಮಲಾಚಾರ್ ಅಲ್ಲಿ ಸಂಶೋಧನೆಯ ಮುಖ್ಯಸ್ಥರು. ಮೂಲತಃ ಗಿಡಗಳಿಗೆ ಬರುವ ಬೂಷ್ಟುರೋಗ ಓದಿದವರು. ಮಣ್ಣು ತಂದು, ಅದರಲ್ಲಿರುವ ಜೀವಾಣುಗಳನ್ನು ಒಂದೊಂದಾಗಿ ಬೇರೆ ಮಾಡಿ ಬೆಳೆಸಿ, ಯಾವುದು ಏನನ್ನು ಕೊಲ್ಲುತ್ತದೆ ಅಂತ ನೋಡುವುದು. ಆಗಿನ ಕಾಲದಲ್ಲಿ ಆಂಟಿಬಯಾಟಿಕ್ ಹುಡುಕುವುದು ಎಂದರೆ ಬಹುಪಾಲು ಇದೇ ಕೆಲಸ. ಹಾಗೆ ಸಿಕ್ಕಿದ್ದೇ ಹ್ಯಾಮೈಸಿನ್, ಫಂಗಸ್ ಕೊಲ್ಲುವ ಔಷಧಿ. ಅದನ್ನು ಕೊಟ್ಟ ಜೀವಾಣುವಿಗೆ ಇಟ್ಟ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ನಮ್ಮ ಪಿಂಪ್ರಿಯೇ! ಬೆಳೆಗೆ ಹೊಡೆಯುವ ಆರಿಯೋಫಂಗಿನ್ ಕೂಡ ಅವರದೇ ತಂಡದ್ದು. 1967ರಲ್ಲಿ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಬಂತು, ವೈದ್ಯಕೀಯ ವಿಭಾಗದಲ್ಲಿ. ಸಸ್ಯಶಾಸ್ತ್ರ ಓದಿದವರಿಗೆ!

ಥಾಣೆ ಜೋಶಿ
ಕುಲಕರ್ಣಿಯವರೆ, ಅದು ಫಂಗಸ್ ಕೊಲ್ಲುತ್ತದೆ, ನಮ್ಮನ್ನು ಯಾಕೆ ಕೊಲ್ಲುವುದಿಲ್ಲ?

ಸುಮಾ ಪರೇಲ್
ಒಳ್ಳೆ ಪ್ರಶ್ನೆ. ಫಂಗಸ್ಸಿನ ಜೀವಕೋಶದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇರುತ್ತದೆ, ನಮ್ಮದರಲ್ಲಿ ಕೊಲೆಸ್ಟ್ರಾಲ್. ಈ ಜಾತಿಯ ಔಷಧಿ ಎರ್ಗೊಸ್ಟೆರಾಲನ್ನು ಜಾಸ್ತಿ ಬಿಗಿಯಾಗಿ ಹಿಡಿದು ಪೊರೆಯನ್ನೇ ಕೆಡಿಸುತ್ತದೆ. ಎರಡೂ ತುಂಬಾ ಹತ್ತಿರದ ವಸ್ತುಗಳು. ಹಾಗಾಗಿ ನಮಗೂ ಸ್ವಲ್ಪ ಪೆಟ್ಟು ಬೀಳುತ್ತದೆ, ಇಂಥವನ್ನು ಜಾಸ್ತಿ ಮೇಲಿಂದ ಹಚ್ಚಲಿಕ್ಕೇ ಬಳಸುವುದು ಅದಕ್ಕೆ. ಪೆನಿಸಿಲಿನ್ ಹಾಗಲ್ಲ. ಬ್ಯಾಕ್ಟೀರಿಯಾದ ಸುತ್ತ ಒಂದು ಗೋಡೆ ಇರುತ್ತದೆ, ಅದನ್ನು ಕಟ್ಟಲಿಕ್ಕೆ ಬಿಡುವುದಿಲ್ಲ. ನಮ್ಮ ಜೀವಕೋಶಕ್ಕೆ ಆ ಗೋಡೆಯೇ ಇಲ್ಲ. ಅಲರ್ಜಿ ಇಲ್ಲದವರಿಗೆ ಅಷ್ಟು ಸುರಕ್ಷಿತ.

ಕಾಂದಿವಲಿ ಶೆಟ್ಟಿ
ಪಿಂಪ್ರಿಯ ಹೆಸರಲ್ಲಿ ಜೀವಾಣು ಇದೆ. ಕಾಂದಿವಲಿ ಹೆಸರಲ್ಲಿ ಟ್ರಾಫಿಕ್ ಜಾಮ್ ಮಾತ್ರ.

ಮುಲುಂಡ್ ಗೀತಾ
ಗೋರೆಗಾಂವ್ ತನಕ ಬನ್ನಿ ಶೆಟ್ರೆ, ಹತ್ತಿರವೇ. 1963ರಲ್ಲಿ ಅಲ್ಲಿ ಸೀಬಾದ ಸಂಶೋಧನಾ ಕೇಂದ್ರ ಶುರುವಾಯಿತು, ಟಿ.ಆರ್. ಗೋವಿಂದಾಚಾರಿ ನಿರ್ದೇಶಕರು. ಅವರೂ ವಿಶ್ವನಾಥನ್ ಅವರೂ 1972ರಲ್ಲಿ ನಮ್ಮ ಪಶ್ಚಿಮ ಘಟ್ಟದ ಒಂದು ಮರದಲ್ಲಿ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತು ಇದೆ ಅಂತ ತೋರಿಸಿದರು. ಮರಾಠಿಯಲ್ಲಿ ಆ ಮರಕ್ಕೆ ನರಕ್ಯಾ ಅನ್ನುತ್ತಾರೆ, ಕನ್ನಡದಲ್ಲಿ ದುರ್ವಾಸನೆ ಮರ. ಹೆಸರೇ ಹೇಳುತ್ತದೆ.

ಆ ವಸ್ತು ಮೊದಲು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ. 1966ರಲ್ಲಿ ಅಮೆರಿಕದಲ್ಲಿ ಅದನ್ನು ಕಂಡುಹಿಡಿದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ. ವಾಣಿ ಅವರು ನಂದುರ್ಬಾರ್‌ನವರು, ಓದಿದ್ದು ಮುಂಬೈಯಲ್ಲಿ. 1971ರಲ್ಲಿ ಟ್ಯಾಕ್ಸಾಲನ್ನು ಪ್ರಕಟಿಸಿದವರೂ ಇವರೇ. ಎರಡೂ ಕ್ಯಾನ್ಸರ್ ಔಷಧಿಗೆ ಮೂಲ. ಆದರೆ ಕ್ಯಾಂಪ್ಟೊಥೆಸಿನ್ನನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶಕ್ಕೆ ತೊಂದರೆಯಾಗಿ ಎಪ್ಪತ್ತರ ದಶಕದಲ್ಲಿ ಮೂಲೆಗೆ ತಳ್ಳಿದರು. 1985ರಲ್ಲಿ ಅದು ಟೊಪೊಐಸೋಮರೇಸ್ ಅನ್ನುವ ಕಿಣ್ವವನ್ನು ಡಿಎನ್‌ಎ ಮೇಲೇ ಸಿಕ್ಕಿಹಾಕಿಸುತ್ತದೆ ಅಂತ ಗೊತ್ತಾಯಿತು. ಆಗ ಮತ್ತೆ ಕೈಗೆತ್ತಿಕೊಂಡು, ಅದನ್ನೇ ತಿದ್ದಿ, 1996ರಲ್ಲಿ ಟೊಪೊಟೆಕಾನ್, ಇರಿನೊಟೆಕಾನ್ ಬಂದವು. ಮೂವತ್ತು ವರ್ಷ!

ನಮ್ಮ ಘಟ್ಟಕ್ಕೆ ಸಿಕ್ಕಿದ್ದೇನು? ಮರ ಕಡಿಯುವವರು. ಟನ್ನುಗಟ್ಟಲೆ ನರಕ್ಯಾ ಕಡಿದು ಚಕ್ಕೆ ಮಾಡಿ ಸಾಗಿಸಿದರು. ಈ ವಿಷಯದಲ್ಲಿ ಹೆಗಡೆಯವರ ಸಿಟ್ಟು ನನಗೂ ಇದೆ.

ಸಹ್ಯಾದ್ರಿ ಹೆಗಡೆ
ನೋಡಿದಿರಾ, ತಿರುಗಿ ಗಿಡಕ್ಕೇ ಬಂತು.

ಸುಮಾ ಪರೇಲ್
ಗಿಡಕ್ಕೆ ಬಂತು, ಅಜ್ಜಿ ಮದ್ದಿಗೆ ಬರಲಿಲ್ಲ ಹೆಗಡೆಯವರೆ. ಅಮೆರಿಕದವರು ಸಾವಿರಾರು ಗಿಡಗಳ ಸಾರ ತೆಗೆದು ಒಂದೊಂದನ್ನೇ ಪರೀಕ್ಷೆ ಮಾಡುತ್ತಿದ್ದರು, ಅದರಲ್ಲಿ ಸಿಕ್ಕಿದ್ದು. ಜೋಶಿಯವರ ಅಪ್ಪನ ಕೊಲೆಸ್ಟ್ರಾಲ್ ಮಾತ್ರೆಯ ಮೂಲವೂ ಹೀಗೇ. ಜಪಾನಿನ ಅಕಿರಾ ಎಂಡೊ ಸುಮಾರು 6000 ಬೂಷ್ಟು ಮತ್ತು ಜೀವಾಣುಗಳನ್ನು ಜಾಲಾಡಿದ ಮೇಲೆ ಸಿಕ್ಕಿದ್ದು ಮೊದಲ ಸ್ಟ್ಯಾಟಿನ್. ಅಕ್ಕಿಯಲ್ಲಿ ಬಂದ ನೀಲಿ ಬೂಷ್ಟಿನಲ್ಲಿ! ಅದು ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಡೆಯುತ್ತದೆ. ಆಗ ಲಿವರ್ ತನಗೆ ಸಾಲದು ಅಂತ ರಕ್ತದಲ್ಲಿರುವುದನ್ನು ಎಳೆದುಕೊಳ್ಳುತ್ತದೆ.

ಮುಲುಂಡ್ ಗೀತಾ
ನಮ್ಮ ಮುಲುಂಡ್ ಕಥೆ ಬಿಟ್ಟೇ ಹೋಗುತ್ತಿತ್ತು. ಇಲ್ಲಿ ಹೆಕ್ಸ್ಟ್ ಕಂಪನಿಯ ಸಂಶೋಧನಾ ಕೇಂದ್ರ ಇತ್ತು. ಎಪ್ಪತ್ತರ ದಶಕದಲ್ಲಿ ಹೆಕ್ಸ್ಟ್ ಇಂಡಿಯಾದವರು ಮಕಂದಿ ಬೇರಿನಿಂದ ಫೋರ್ಸ್ಕೊಲಿನ್ ತೆಗೆದರು. ಗುಜರಾತಿಗಳು ಗರ್ಮರ್ ಅಂತ ಉಪ್ಪಿನಕಾಯಿ ಹಾಕುವ ಬೇರು ಅದೇ. ಜೀವಕೋಶದೊಳಗೆ ಸಂದೇಶ ದಾಟಿಸುವ ಒಂದು ಕಿಣ್ವವನ್ನು ಅದು ನೇರವಾಗಿ ಚಾಲೂ ಮಾಡುತ್ತದೆ. ಔಷಧಿಯಾಗಿ ಅಷ್ಟೇನೂ ನಡೆಯಲಿಲ್ಲ, ಜಪಾನಿನಲ್ಲಿ ಅದರದೇ ಒಂದು ತಿದ್ದಿದ ರೂಪವನ್ನು ಹೃದಯಕ್ಕೆ ಬಳಸುತ್ತಾರೆ. ಆದರೆ ಪ್ರಪಂಚದ ಲ್ಯಾಬುಗಳಲ್ಲಿ ಪ್ರಯೋಗಕ್ಕೆ ದಿನಾ ಬೇಕಾಗುವ ವಸ್ತು.

ಅಂಧೇರಿ ಪದ್ಮಜ
ಮಾಗಳಿ ಬೇರಾ? ಮಾಟುಂಗಾ ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ನಾವೂ ಉಪ್ಪಿನಕಾಯಿ ಹಾಕುತ್ತೇವೆ.

ಮುಲುಂಡ್ ಗೀತಾ
ಅಲ್ಲ ಪದ್ಮಜಾ, ಮಾಗಳಿ ಬೇರೆ ಬಳ್ಳಿ. ಇದು ದೊಡ್ಡಪತ್ರೆಯ ಜಾತಿಗೆ ಹತ್ತಿರದ ಗಿಡ. ಆದರೆ ಮಾಗಳಿ ಎಲ್ಲಿ ಸಿಗುತ್ತದೆ ಹೇಳಿ, ಯಾವ ಅಂಗಡಿ?

ಅಂಧೇರಿ ಪದ್ಮಜ
ಸ್ಟೇಷನ್ ಹೊರಗೆ ಬಾಳೆ ಎಲೆ ಮಾರುವವರ ಹತ್ತಿರ ಕೇಳಿ. ಮೊದಲೇ ಹೇಳಿಟ್ಟರೆ ತರಿಸಿ ಕೊಡುತ್ತಾರೆ. ಮಜ್ಜಿಗೆಯಲ್ಲಿ ಹಾಕಿ, ಎಣ್ಣೆ ಬೇಡ.

ದಾದರ್ ರಾವ್
ಉಪ್ಪಿನಕಾಯಿ ಆಯಿತಲ್ವಾ, ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಕಂಪನಿಗಳು ಕದ್ದವು ಅನ್ನುವವರು ಇನ್ನೊಂದು ಪಕ್ಕವನ್ನೂ ನೋಡಬೇಕು. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಿಯ ಮೇಲೆ ಪೇಟೆಂಟ್ ಕೊಡುತ್ತಿರಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ. ಅದೇ ಔಷಧಿಯನ್ನು ಬೇರೆ ದಾರಿಯಲ್ಲಿ ಮಾಡಿದರೆ ಯಾರೂ ಕೇಳುವ ಹಾಗಿರಲಿಲ್ಲ. ಮುಂಬೈ, ಥಾಣೆ, ತಾರಾಪುರದ ಕಾರ್ಖಾನೆಗಳು ಬೆಳೆದದ್ದು ಆ ಕಾಯ್ದೆಯ ನೆರಳಲ್ಲಿ. 2001ರಲ್ಲಿ ಮುಂಬೈಯ ಸಿಪ್ಲಾ ಎಚ್‌ಐವಿಯ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂತು. ಪಶ್ಚಿಮದಲ್ಲಿ ಅದಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ಇತ್ತು. ಆಗ ಅವರೂ ನಮ್ಮನ್ನು ಕಳ್ಳರು ಅಂದರು. 2005ರಿಂದ ಔಷಧಿಗೂ ಪೇಟೆಂಟ್ ಬಂತು. ಆದರೂ ಹಳೆಯದನ್ನು ಸ್ವಲ್ಪ ತಿದ್ದಿ ಹೊಸದು ಅನ್ನುವ ಆಟ ನಡೆಯುವುದಿಲ್ಲ ಅಂತ 2013ರಲ್ಲಿ ಗ್ಲಿವೆಕ್ ಅನ್ನುವ ಕ್ಯಾನ್ಸರ್ ಔಷಧಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸಹ್ಯಾದ್ರಿ ಹೆಗಡೆ
ಅರಿಶಿನ ಪೇಟೆಂಟ್ ಮರೆತಿರಾ?

ದಾದರ್ ರಾವ್
ಮರೆತಿಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು, ನಮ್ಮ ಸರಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಜಗಳ ಆಡಿ 1997ರಲ್ಲಿ ರದ್ದು ಮಾಡಿಸಿತು. ಆಗ ಸಿಎಸ್‌ಐಆರ್ ಮುಖ್ಯಸ್ಥರು ಮಾಶೇಲ್ಕರ್. ಗೋವಾದಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು, ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯ ಎನ್‌ಸಿಎಲ್ ನಡೆಸಿದವರು. ಕದಿಯಲಿಕ್ಕೆ ಬಂದರು, ಹಿಡಿದರು. ಮುಗಿಯಿತಲ್ಲ?

ಡಾ. ನವಿ ಮುಂಬೈ
ಅರಿಶಿನದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಲ್ಯಾಬಿನ ತಟ್ಟೆಯಲ್ಲಿ ಅರಿಶಿನದೊಳಗಿನ ಕರ್ಕ್ಯುಮಿನ್ ಮಾಡದ ಕೆಲಸವಿಲ್ಲ. ನುಂಗಿದರೆ ರಕ್ತಕ್ಕೆ ಸೇರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಲಿವರ್ ಕೂಡಲೇ ಒಡೆದು ಹಾಕುತ್ತದೆ. 1998ರಲ್ಲಿ ಬೆಂಗಳೂರಿನ ಮೆಡಿಕಲ್ ಕಾಲೇಜು ಸೇಂಟ್ ಜಾನ್ಸ್‌ನವರು ಜೊತೆಗೆ ಕರಿಮೆಣಸಿನ ಪೈಪರಿನ್ ಕೊಟ್ಟು ನೋಡಿದರು, ರಕ್ತದಲ್ಲಿ ಅದರ ಮಟ್ಟ ಹಲವು ಪಟ್ಟು ಏರಿತು. ಆದರೆ ಪೈಪರಿನ್ ಬೇರೆ ಔಷಧಿಯ ಮಟ್ಟವನ್ನೂ ಏರಿಸಬಹುದು. ಅರಿಶಿನ ಮಾತ್ರೆ, ಮೆಣಸು ಸೇರಿಸಿದ್ದು, ಸೈಡ್ ಎಫೆಕ್ಟ್ ಇಲ್ಲ ಅಂತ ಮಾರುವವರು ಇದನ್ನು ಹೇಳುವುದಿಲ್ಲ. ದ್ರಾಕ್ಷಿಹಣ್ಣಿನ ಹೆಸರಿದ್ದರೂ ಚಕ್ಕೋತಕ್ಕೆ ಹತ್ತಿರವಾದ ಗ್ರೇಪ್‌ಫ್ರೂಟ್ ಕೂಡ ಹಾಗೇ, ಕೆಲವು ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ.

ಕಾಂದಿವಲಿ ಶೆಟ್ಟಿ
ಸಾರಿಗೆ ಮೆಣಸು ಹಾಕಬಹುದಾ ಇಲ್ಲವಾ, ಅಷ್ಟು ಹೇಳಿ ಡಾಕ್ಟ್ರೆ.

ಡಾ. ನವಿ ಮುಂಬೈ
ಹಾಕಿ ಶೆಟ್ರೆ, ಸಾರಿನಷ್ಟಕ್ಕೆ ಏನೂ ಆಗುವುದಿಲ್ಲ.

ವಾಶಿ ಹಳೆ ವಾಲಂಟಿಯರ್
ಪೇಟೆಂಟ್ ಮುಗಿದ ಔಷಧಿಯನ್ನು ಬೇರೆ ಕಂಪನಿ ಮಾಡಿದಾಗ ಅದು ಮೂಲದಷ್ಟೇ ರಕ್ತಕ್ಕೆ ಸೇರುತ್ತದಾ ಅಂತ ನಮ್ಮಂಥ ವಾಲಂಟಿಯರುಗಳ ಮೇಲೆ ನೋಡುತ್ತಾರೆ. ಕಾಲೇಜು ಬಿಟ್ಟ ಮೇಲೆ ಕೆಲಸ ಇಲ್ಲದಾಗ ನಾನೂ ಹೋಗಿದ್ದೆ. ಹಿಂದಿನ ರಾತ್ರಿ ಊಟ, ಆಮೇಲೆ ಉಪವಾಸ. ಬೆಳಿಗ್ಗೆ ಒಂದು ಲೋಟ ನೀರಿನಲ್ಲಿ ಮಾತ್ರೆ, ನುಂಗಿದ್ದೇವಾ ಅಂತ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡುತ್ತಾರೆ. ಕೈಗೆ ಸೂಜಿ ಚುಚ್ಚಿಟ್ಟು ಮೊದಲು ಗಳಿಗೆಗೊಂದು ಸಲ, ಆಮೇಲೆ ಗಂಟೆಗೊಂದು ಸಲ ರಕ್ತ. ಕೆಲವು ದಿನ ಬಿಟ್ಟು ಮತ್ತೆ ಹೋಗಬೇಕು, ಆಗ ಇನ್ನೊಂದು ಕಂಪನಿಯ ಮಾತ್ರೆ. ಮೊದಲು ಯಾವುದು, ಆಮೇಲೆ ಯಾವುದು ಅಂತ ನಮಗೆ ಹೇಳುವುದಿಲ್ಲ. ಎರಡನೇ ಸಲ ಬರದಿದ್ದರೆ ದುಡ್ಡು ಕಟ್. ನನ್ನ ಗೆಳೆಯನಿಗೆ ಜ್ವರ ಬಂದು ಹೋಗಲಾಗಲಿಲ್ಲ, ಅವನ ಪಾಲನ್ನು ಸರಿಯಾಗಿ ಕೊಡಲೇ ಇಲ್ಲ.

ಅಂಧೇರಿ ಪದ್ಮಜ
ಅಂದರೆ ಹೀಗೆ ಬೇರೆ ಕಂಪನಿ ಮಾಡುವ ಜನರಿಕ್‌ನಲ್ಲಿ 80 ಪರ್ಸೆಂಟ್ ಔಷಧಿ ಇದ್ದರೂ ನಡೆಯುತ್ತದೆ ಅನ್ನುವುದು ನಿಜವಾ? ವಾಟ್ಸಾಪಿನಲ್ಲಿ ಬಂದಿತ್ತು.

ವಾಸ್ಕೋ ಬಸು
ಸುಳ್ಳು ರೀ. ಮಾತ್ರೆಯೊಳಗಿನ ಔಷಧಿ ಅಷ್ಟು ಕಡಿಮೆ ಇದ್ದರೆ ನಮ್ಮ ಲ್ಯಾಬೇ ಬಿಡುವುದಿಲ್ಲ. 80ರಿಂದ 125 ಅನ್ನುವುದು ರಕ್ತದ ಮಟ್ಟದ ಲೆಕ್ಕ. ಮೂಲ ಮಾತ್ರೆಗೂ ಇದಕ್ಕೂ ಹೋಲಿಸಿ ಬರುವ ಅನುಪಾತ, ಅದರ ಸುತ್ತ ಇರಬಹುದಾದ ಏರಿಳಿತವನ್ನೂ ಸೇರಿಸಿ, ಆ ಎರಡು ಗೆರೆಯ ಒಳಗೇ ಇರಬೇಕು. ಸರಾಸರಿಯೇ 80ರ ಹತ್ತಿರ ಇದ್ದರೆ ಏರಿಳಿತ ಗೆರೆ ದಾಟುತ್ತದೆ, ಫೇಲ್.

ದಾದರ್ ರಾವ್
ಕಾಗದದ ಮೇಲೆ ಎಲ್ಲ ಸರಿ ಬಸು. ಆದರೆ ಬ್ಯಾಚು ನೋಡುವವನು ನೋಡದಿದ್ದರೆ? 1986ರಲ್ಲಿ ಇಲ್ಲೇ ಜೆಜೆ ಆಸ್ಪತ್ರೆಯಲ್ಲಿ ಗ್ಲಿಸರಿನ್ ಕುಡಿಸಿ 14 ಜನ ಸತ್ತರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿತ್ತು, ಕಿಡ್ನಿ ಹೋಯಿತು. ಲೆಂಟಿನ್ ಆಯೋಗ ತನಿಖೆ ಮಾಡಿತು. ಅದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಅಷ್ಟು ವರ್ಷದ ಮೇಲೆ ನಾವು ಮತ್ತೆ ಅದೇ ಪಾಠ ಕಲಿತೆವು. ಈಚೆಗೂ ಮಕ್ಕಳ ಕೆಮ್ಮಿನ ಸಿರಪ್ಪಿನಲ್ಲಿ ಅದೇ.

ವಾಸ್ಕೋ ಬಸು
ಅದನ್ನು ಅಲ್ಲಗಳೆಯುವುದಿಲ್ಲ ಸರ್. ಗ್ಲಿಸರಿನ್ ಡ್ರಮ್ಮು ಬಂದಾಗ ಪ್ರತಿ ಡ್ರಮ್ಮಿನಿಂದಲೂ ತೆಗೆದು ನೋಡಬೇಕು. ಎಲ್ಲರೂ ನೋಡುತ್ತಾರೆ ಅಂತ ನಾನು ಎದೆ ತಟ್ಟಿ ಹೇಳಲಾರೆ.

ಥಾಣೆ ಜೋಶಿ
ಮಗಳು ಓದಿ ಕೇಳುತ್ತಿದ್ದಾಳೆ, ಕಂಪ್ಯೂಟರ್ ವಿಷಯ ಯಾರೂ ಹೇಳಲಿಲ್ಲ ಅಂತ.

ಸುಮಾ ಪರೇಲ್
ಅವಳೂ ಪೂರ್ತಿ ತಪ್ಪಲ್ಲ. ಮೊದಲೇ ಆಕಾರ ಊಹಿಸಿ ಮಾಡಿದ ಔಷಧಿಗಳಲ್ಲಿ ದೊಡ್ಡ ಹೆಸರು ಬಿಪಿಯ ಕ್ಯಾಪ್ಟೊಪ್ರಿಲ್. ಬ್ರೆಜಿಲ್‌ನ ಒಂದು ಮಂಡಲ ಹಾವು ಕಚ್ಚಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಅದರ ವಿಷದಲ್ಲಿ ಬಿಪಿ ಏರಿಸುವ ಎಸಿಇ ಅನ್ನುವ ಕಿಣ್ವವನ್ನು ತಡೆಯುವ ವಸ್ತು ಇತ್ತು. ವಿಷ ನುಂಗಿದರೆ ಜೀರ್ಣವಾಗಿ ಹೋಗುತ್ತದೆ, ಔಷಧಿಯಾಗುವುದಿಲ್ಲ. ಸ್ಕ್ವಿಬ್ ಕಂಪನಿಯ ಕುಶ್ಮನ್, ಒಂಡೆಟ್ಟಿ ಕಿಣ್ವದ ಒಳಗಿನ ಆಕಾರ ಊಹಿಸಿ, ಅಲ್ಲಿ ಕೂರುವಂಥ ಪುಟ್ಟ ಅಣು ಕಟ್ಟಿದರು. 1981ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಕಾಗದ, ಪೆನ್ಸಿಲು, ತಲೆ ಸಾಕಾಯಿತು. ಈಗ ಪ್ರೋಟೀನಿನ ಆಕಾರವನ್ನು ಕಂಪ್ಯೂಟರ್ ಹೇಳಿಬಿಡುತ್ತದೆ, 2024ರ ರಸಾಯನಶಾಸ್ತ್ರದ ನೊಬೆಲ್ಲಿನಲ್ಲಿ ಅರ್ಧ ಪಾಲೂ ಅದಕ್ಕೇ ಸಿಕ್ಕಿತು. ಆದರೆ ಆಕಾರ ಹೊಂದಿದ ಮಾತ್ರಕ್ಕೆ ಔಷಧಿ ಆಗಲಿಲ್ಲ. ಕರುಳಿಂದ ರಕ್ತಕ್ಕೆ ಸೇರಬೇಕು, ಲಿವರ್ ತಪ್ಪಿಸಿಕೊಳ್ಳಬೇಕು, ಬೇರೆ ಏನನ್ನೂ ಕೆಡಿಸಬಾರದು. ಮನುಷ್ಯರ ಮೇಲಿನ ಪರೀಕ್ಷೆಗೆ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಅಲ್ಲೇ ಬೀಳುತ್ತವೆ.

ಮುಲುಂಡ್ ಗೀತಾ
ಆ ಜಾತಿಯ ಬಿಪಿ ಮಾತ್ರೆಯಿಂದ ನಮ್ಮ ಅತ್ತೆಗೆ ಒಣ ಕೆಮ್ಮು. ನಾವು ಹೊಗೆ, ಧೂಳು, ಪಕ್ಕದ ಕಟ್ಟಡದ ಕೆಲಸ ಅಂತ ಎಲ್ಲರನ್ನೂ ಬೈದೆವು. ಕಿಟಕಿಗೆ ಜಾಳಿಗೆ ಹಾಕಿಸಿದೆವು. ಜೇನು, ಶುಂಠಿ, ಕಷಾಯ. ಕೊನೆಗೆ ಬೇರೆ ಡಾಕ್ಟರು ಚೀಟಿ ನೋಡಿ ರಾಮಿಪ್ರಿಲ್ ತೆಗೆದು ಟೆಲ್ಮಿಸಾರ್ಟನ್ ಬರೆದರು, ಕೆಮ್ಮು ತಾನಾಗಿ ಹೋಯಿತು.

ಡಾ. ನವಿ ಮುಂಬೈ
ಅದೇ ಕಿಣ್ವ ಬ್ರಾಡಿಕೈನಿನ್ ಅನ್ನುವುದನ್ನೂ ಒಡೆಯುತ್ತದೆ. ಕಿಣ್ವ ತಡೆದರೆ ಅದು ಶೇಖರವಾಗಿ ಕೆಮ್ಮು ಬರುತ್ತದೆ. ತುಂಬಾ ಜನರಿಗೆ ಆಗುತ್ತದೆ. ಆದರೆ ಓದಿದವರು ತಾವೇ ಮಾತ್ರೆ ನಿಲ್ಲಿಸಬೇಡಿ.

ಪಿಂಪ್ರಿ ಕುಲಕರ್ಣಿ
ಇನ್ನೂ ಒಂದು ಅನುಮಾನ. ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆಯೇ ಔಷಧಿ ಕೊಡುತ್ತಾರಾ?

ಸುಮಾ ಪರೇಲ್
ಧಾರಾಳವಾಗಿ. ಆಸ್ಪಿರಿನ್ 1897ರಲ್ಲಿ ತಯಾರಾಯಿತು. ಹೇಗೆ ಕೆಲಸ ಮಾಡುತ್ತದೆ ಅಂತ ಜಾನ್ ವೇನ್ ಹೇಳಿದ್ದು 1971ರಲ್ಲಿ. ಪ್ಯಾರಾಸಿಟಮಾಲ್ ಬಗ್ಗೆ ಇವತ್ತಿಗೂ ಒಮ್ಮತ ಇಲ್ಲ. ಶುಗರಿನ ಮೆಟ್‌ಫಾರ್ಮಿನ್ ನೋಡಿ. ಯುರೋಪಿನ ಗಲೇಗಾ ಅನ್ನುವ ಕಳೆಗಿಡದ ಜಾಡು ಹಿಡಿದು ಬಂದಿದ್ದು, 1922ರಲ್ಲೇ ಲ್ಯಾಬಿನಲ್ಲಿ ತಯಾರಿಸಿದ್ದರು. ಮರೆತೇ ಹೋಗಿತ್ತು. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಶುಗರ್ ರೋಗಿಗಳಿಗೆ ಕೊಟ್ಟು ಬರೆದರು. ಕೋಟ್ಯಂತರ ಜನ ತಿನ್ನುತ್ತಾರೆ, ಲಿವರಿನಲ್ಲಿ ಅದು ಮಾಡುವ ಮುಖ್ಯ ಕೆಲಸ ಯಾವುದು ಅಂತ ಇನ್ನೂ ಕಚ್ಚಾಡುತ್ತಿದ್ದಾರೆ. ಪರಿಣಾಮ ಇದೆಯಾ, ಅಪಾಯ ಎಷ್ಟು ಅಂತ ಪರೀಕ್ಷೆಯಲ್ಲಿ ಗೊತ್ತಾದರೆ ಕೊಡಬಹುದು. ಯಾಕೆ ಅನ್ನುವುದು ಹಿಂದಿನಿಂದ ಬರುತ್ತದೆ. ಹೆಗಡೆಯವರ ಬೇರಿಗೂ ನಾನು ಕೇಳುವುದು ಅದೇ ಪರೀಕ್ಷೆ, ಬೇರೆ ಏನಲ್ಲ.

ಸಹ್ಯಾದ್ರಿ ಹೆಗಡೆ
ಪರೀಕ್ಷೆಗೆ ದುಡ್ಡು ಹಾಕುವವರು ಯಾರು ಮೇಡಂ? ಪೇಟೆಂಟ್ ಸಿಗದ ಬೇರಿಗೆ ಯಾವ ಕಂಪನಿ ಕೋಟಿಗಟ್ಟಲೆ ಸುರಿಯುತ್ತದೆ? ಅದಕ್ಕೆ ಉತ್ತರ ಕೊಡಿ.

ಸುಮಾ ಪರೇಲ್
ಈ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಸರಕಾರವೇ ಹಾಕಬೇಕು. ಹಾಕಿದಾಗ ಆಗಿದ್ದೂ ಇದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮಾತ್ರೆಯೇ ಅಲ್ಲ. ರೋಗಿಯದೇ ಬಿಳಿ ರಕ್ತಕಣ ತೆಗೆದು, ಕೆಲವು ರಕ್ತದ ಕ್ಯಾನ್ಸರಿನ ಗುರುತು ಹಿಡಿಯುವ ಹಾಗೆ ತಿದ್ದಿ, ವಾಪಸ್ ಮೈಗೆ ಬಿಡುವುದು. ಹುಡುಕಿಕೊಂಡು ಹೋಗುವ ಔಷಧಿ ಅಂದರೆ ಇದು.

ಅಂಧೇರಿ ಪದ್ಮಜ
ಯಾರಾದರೂ ಇದನ್ನೂ ಹೇಳಿ. ಮಳೆಗಾಲದಲ್ಲಿ ಮಾತ್ರೆ ಎಲ್ಲಿಡಬೇಕು? ನಮ್ಮವರು ವಾರದ ಮಾತ್ರೆಯನ್ನೆಲ್ಲ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ತುಂಬುತ್ತಾರೆ. ಬಚ್ಚಲ ಕಪಾಟಿನಲ್ಲಿ ಇಡುತ್ತಾರೆ.

ವಾಸ್ಕೋ ಬಸು
ಬಚ್ಚಲು ಬೇಡವೇ ಬೇಡ. ನಾವು 40 ಡಿಗ್ರಿ ಬಿಸಿ, 75 ಪರ್ಸೆಂಟ್ ತೇವದಲ್ಲಿ ಆರು ತಿಂಗಳು ಇಟ್ಟು ನೋಡುತ್ತೇವೆ. ಆದರೆ ಅದು ಸ್ಟ್ರಿಪ್ಪಿನ ಒಳಗೆ ಇದ್ದಾಗ. ಬಿಡಿಸಿದ ಮೇಲೆ ನಮ್ಮ ಲೆಕ್ಕ ನಡೆಯುವುದಿಲ್ಲ. ಸ್ಟ್ರಿಪ್ಪನ್ನೇ ಕತ್ತರಿಸಿ ಡಬ್ಬಿಗೆ ಹಾಕಿ. ಅವರು ಆಸ್ಪಿರಿನ್ ತಗೊಳ್ಳುತ್ತಿದ್ದರೆ ಡಬ್ಬಿ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ತೇವಕ್ಕೆ ಒಡೆದಿದೆ ಅಂತ ಅರ್ಥ, ಎಸೆಯಿರಿ.

ಅಂಧೇರಿ ಪದ್ಮಜ
ಈಗಲೇ ಮೂಸಿದೆ. ಬರುತ್ತಿದೆ ರೀ! ಅವರು ಆಫೀಸಿನಿಂದ ಬರಲಿ.